ಸೀನು ಎಣಿಸುತ್ತಿದ್ದ ಗುಂಟೂರವ್ವ

ಬ್ಯಾಡಗಿಗೆ ಹೊಸದಾಗಿ ಬಂದವರು ಸೀನುತ್ತಾರೆ. ರೈಲು ಇಳಿದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಮೂಗು ತುರಿಸತೊಡಗುತ್ತದೆ, ಮಾರುಕಟ್ಟೆಯ ಗೇಟಿಗೆ ಬರುವಷ್ಟರಲ್ಲಿ ಒಂದು, ಎರಡು, ಮೂರು. ಮೆಣಸಿನಕಾಯಿಯ ಘಾಟು ಇಲ್ಲಿ ಗಾಳಿಯ ಒಂದು ಭಾಗ. ಊರಿನವರು ಹೊಸಬರ ಸೀನನ್ನು ಗಮನಿಸುವುದೂ ಇಲ್ಲ. ಆದರೆ ನಾನು ಗುಮಾಸ್ತಿಕೆ ಮಾಡುವ ಕೋಲ್ಡ್ ಸ್ಟೋರೇಜಿನ ಅಂಗಳದಲ್ಲಿ ಅದನ್ನು ಗಮನಿಸುವ, ಎಣಿಸುವ, ಎಣಿಸಿ ತೀರ್ಪು ಕೊಡುವ ಒಬ್ಬ ಹೆಂಗಸಿದ್ದಳು. ಹೋದ ತಿಂಗಳು ತೀರಿಕೊಂಡಳು. ಆಕೆಯ ಬಗ್ಗೆ ಬರೆಯಲು ಕುಳಿತರೆ ನನಗೆ ಮೊದಲು ನಗು ಬರುತ್ತದೆ, ಆಮೇಲೆ ಪೆನ್ನು ಕೆಳಗಿಡುತ್ತೇನೆ. ಎರಡೂ ಒಂದೇ ದಿನದ ಕಾರಣಕ್ಕೆ. ಆ ದಿನಕ್ಕೆ ಬರುತ್ತೇನೆ.

ಹಾಜರಿ ಪುಸ್ತಕದಲ್ಲಿ ಆಕೆಗೊಂದು ಹೆಸರಿತ್ತು. ದಿನಾ ಅದರ ಮುಂದೆ ಗುರುತು ಹಾಕುತ್ತಿದ್ದವನು ನಾನೇ. ಆ ಹೆಸರಿನಿಂದ ಕರೆದರೆ ಆಕೆ ತಿರುಗಿಯೂ ನೋಡುತ್ತಿರಲಿಲ್ಲ, ಹಾಗಾಗಿ ಇಲ್ಲೂ ಬೇಡ. ಎಲ್ಲರೂ ಕರೆಯುತ್ತಿದ್ದುದು ಗುಂಟೂರವ್ವ ಎಂದು. ಆಂಧ್ರದ ಗುಂಟೂರಿನ ಕಡೆಯ ಯಾವುದೋ ಹಳ್ಳಿಯಿಂದ ಹದಿನಾರರ ವಯಸ್ಸಿನಲ್ಲಿ ಇಲ್ಲಿನ ಒಬ್ಬ ಹಮಾಲನನ್ನು ಮದುವೆಯಾಗಿ ಬಂದವಳು. ಬಂದು ಐವತ್ತು ವರ್ಷವಾದರೂ ಹೆಸರು ಹೋಗಲಿಲ್ಲ. ಬ್ಯಾಡಗಿಯಲ್ಲಿ ಒಬ್ಬರನ್ನು ಗುಂಟೂರು ಎಂದು ಕರೆಯುವುದು ಸಣ್ಣ ಮಾತಲ್ಲ. ನಮ್ಮ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಗುಂಟೂರಿನದಕ್ಕೆ ಖಾರ ಹೆಚ್ಚು, ಬಣ್ಣ ಕಡಿಮೆ. ಬ್ಯಾಡಗಿ ರಾಶಿಯಲ್ಲಿ ಗುಂಟೂರು ಬೆರೆತಿದ್ದರೆ ಅದು ಮೋಸ, ಬೆರಕಿ. ಆ ಬೆರಕಿಯನ್ನು ಹುಡುಕಿ ಹೊರಗೆ ಹಾಕುವುದರಲ್ಲಿ ಇಡೀ ಅಂಗಳಕ್ಕೆ ನಂಬರ್ ಒಂದು ಯಾರು ಎಂದರೆ, ಈಕೆಯೇ. ಕಣ್ಣು ಮುಚ್ಚಿ ರಾಶಿಯೊಳಗೆ ಕೈ ಆಡಿಸುವಳು, ಒಂದು ಕಾಯಿ ಹಿಡಿದು ಎತ್ತುವಳು, "ಬಾ ನಮ್ಮವ್ವಾ, ನಮ್ಮ ತವರಮನಿದಾಕಿ" ಎಂದು ಅದನ್ನು ಬೇರೆ ಬುಟ್ಟಿಗೆ ಎಸೆಯುವಳು.

ನಲವತ್ತು ಹೆಂಗಸರ ಮೇಲೆ ಆಕೆ ಮುಕಾದಮಳಾಗಿದ್ದಳು. ಅವರ ಕೆಲಸ ಕಾಯಿಯ ತೊಟ್ಟು ಬಿಡಿಸುವುದು. ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ಕೆಂಪು ರಾಶಿಯ ಸುತ್ತ ಕೂರುತ್ತಾರೆ. ಸಂಜೆ ನಾಲ್ಕಕ್ಕೆ ಖಾಲಿ ಚೀಲಗಳನ್ನು ಝಾಡಿಸುವ ಕೆಲಸ. ಅಂಗಳದ ಬೇವಿನ ಮರಕ್ಕೆ ಹಳೇ ತಕ್ಕಡಿಯ ಒಂದು ಕಬ್ಬಿಣದ ತಟ್ಟೆ ತೂಗುಹಾಕಿತ್ತು. ಗುಂಟೂರವ್ವ ಅದನ್ನು ಕೋಲಿನಿಂದ ಬಾರಿಸುತ್ತಿದ್ದಳು. ತಟ್ಟೆ ಸದ್ದಾದರೆ ಯಾರು ಏನೇ ಮಾಡುತ್ತಿರಲಿ, ಮೂಗುಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಚೀಲ ಹಿಡಿದು, ಗಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕು. ತಡವಾಗಿ ಬಂದವರಿಗೆ ಆ ದಿನದ ಚಹಾ ಇಲ್ಲ. ಇದು ಮಾಲೀಕರ ನಿಯಮವಲ್ಲ, ಆಕೆಯದು. ಮಾಲೀಕರೇ ಒಮ್ಮೆ ತಟ್ಟೆಯ ಸದ್ದಿಗೆ ಕುರ್ಚಿಯಿಂದ ಎದ್ದು ನಿಂತದ್ದನ್ನು ನಾನು ನೋಡಿದ್ದೇನೆ.

ಸೀನಿನ ಲೆಕ್ಕ ಹೀಗೆ. ಹೊಸಬರು ಸೀನಿದಾಗಲೆಲ್ಲ ಆಕೆ ಕೆಲಸದಿಂದ ಕಣ್ಣೆತ್ತದೆ ಗಟ್ಟಿಯಾಗಿ ಎಣಿಸುತ್ತಿದ್ದಳು, "ಒಂದಾತು... ಎರಡಾತು..." ಎಂದು. ಯಾವ ದಿನ ಬೆಳಗಿನಿಂದ ಸಂಜೆಯ ತಟ್ಟೆಯವರೆಗೆ ಒಂದೂ ಸೀನು ಬರಲಿಲ್ಲವೋ ಆ ದಿನ ಸೆರಗಿನ ಗಂಟು ಬಿಚ್ಚಿ ಒಂದು ಚೂರು ಬೆಲ್ಲ ತೆಗೆದು ಎಲ್ಲರೆದುರು ಕೈಗಿಡುತ್ತಿದ್ದಳು. "ಹಿಡಿ. ಇನ್ ನೀ ಬ್ಯಾಡಗ್ಯಾಂವ." ನಲವತ್ತು ಹೆಂಗಸರು ಚೀಲ ಬಡಿದು ಸದ್ದು ಮಾಡುತ್ತಿದ್ದರು. ಯಾವ ಕಚೇರಿಯೂ ಅಷ್ಟು ಸಡಗರದಿಂದ ಯಾರನ್ನೂ ತನ್ನವರೆಂದು ಬರೆದುಕೊಂಡಿರಲಾರದು.

ನನಗೆ ಆ ಬೆಲ್ಲ ಸಿಗಲೇ ಇಲ್ಲ. ನನ್ನ ಊರು ರಾಣೆಬೆನ್ನೂರು. ಹಾವೇರಿಯಲ್ಲಿ ಬಿ.ಕಾಂ. ಮುಗಿಸಿ ಇಲ್ಲಿಗೆ ಸೇರಿ ಆರು ವರ್ಷವಾಯಿತು. ದಿನಾ ರೈಲಿನಲ್ಲಿ ಬರುತ್ತೇನೆ, ದಿನಾ ಸೀನುತ್ತೇನೆ. ಒಮ್ಮೆ ಮಧ್ಯಾಹ್ನದ ಊಟದವರೆಗೂ ತಡೆದಿದ್ದೆ. ಹೆಂಗಸರು ಉಸಿರು ಬಿಗಿ ಹಿಡಿದು ನೋಡುತ್ತಿದ್ದರು. ಬುತ್ತಿ ಬಿಚ್ಚಿದೆ, ಒಳಗೆ ಶೇಂಗಾ ಚಟ್ನಿ. ಏಳು ಸೀನು. "ಏ ಕಾರಕೂನ, ನಿನ್ನ ಮೂಗಿಗೆ ಡಿಗ್ರಿ ಕೊಟ್ಟಾರೇನಲೇ, ಯಾವಾಗ್ಲೂ ತಕರಾರು ಮಾಡತೈತಿ" ಎಂದಳು ಗುಂಟೂರವ್ವ.

ಆ ತಕರಾರಿನ ಸೇಡು ತೀರಿಸಿಕೊಳ್ಳಲೆಂದೇ ನಾನೊಂದು ದಿನ ಆಕೆಗೆ ಹೇಳಿದೆ, ಮೆಣಸಿನಕಾಯಿ ನಮ್ಮ ದೇಶದ್ದಲ್ಲ, ಕೆಲವು ನೂರು ವರ್ಷದ ಹಿಂದೆ ಹಡಗಿನಲ್ಲಿ ಸಮುದ್ರ ದಾಟಿ ಬಂದದ್ದು ಎಂದು. ಆಕೆಯ ಕೈ ನಿಂತಿತು.

"ಯಾವುದು? ಇದ?"

"ಇದೇ ರೀ, ಅವ್ವಾ."

"ಬ್ಯಾಡಗಿ ಕಾಯಿ?"

"ಅದರ ಮುತ್ತಜ್ಜ."

ಕೈಯಲ್ಲಿದ್ದ ಕಾಯಿಯನ್ನು ಮುಖದ ಹತ್ತಿರ ಹಿಡಿದು, ಬಹಳ ದಿನ ಮನೆಯಲ್ಲಿಟ್ಟುಕೊಂಡಿದ್ದ ಮನುಷ್ಯ ಬೇರೆ ಊರಿನವನೆಂದು ಈಗ ಗೊತ್ತಾದಂತೆ ಅದನ್ನು ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಸುತ್ತಲಿನವರಿಗೆ ಕೂಗಿ ಹೇಳಿದಳು, "ಕೇಳಿದ್ರೇನ್ರೇ? ನಾ ಅಷ್ಟ ಅಲ್ಲ, ಇಡೀ ರಾಶೀನ ಹೊರಗಿಂದಂತ!" ಆ ಮೇಲೆ ಯಾರಾದರೂ ಗುಂಟೂರು ಎಂದು ಕೆಣಕಿದರೆ ಆಕೆಗೆ ಉತ್ತರ ಸಿದ್ಧವಿರುತ್ತಿತ್ತು. ಮಸಾಲೆ ಪುಡಿ ಮಾಡುವವರು ಬಣ್ಣಕ್ಕೆ ನಮ್ಮ ಕಾಯಿ, ಖಾರಕ್ಕೆ ಗುಂಟೂರು ಕೊಳ್ಳುವುದು ಅಂಗಳಕ್ಕೆಲ್ಲ ಗೊತ್ತಿದ್ದ ಸಂಗತಿ. "ಬಣ್ಣ ಬ್ಯಾಡಗೀದು, ಖಾರ ಗುಂಟೂರ್ದು. ಸಾರು ಯಾರ್ದು, ಹೇಳು ನೋಡೂಣು" ಎನ್ನುತ್ತಿದ್ದಳು. ಕೆಣಕಿದವರು ನಗುತ್ತ ಉಣ್ಣುತ್ತಿದ್ದರು.

ಎರಡು ವರ್ಷದ ಹಿಂದೆ ಚೀಲ ಹೊರಲು ಅಸ್ಸಾಮಿನ ಆರು ಜನ ಬಂದರು. ಎಲ್ಲರಿಗಿಂತ ಕೊನೆಗೆ ಬಂದವನು ಐವತ್ತರ ಹತ್ತಿರದ, ಬಿಳಿ ಗಡ್ಡದ, ತೆಳ್ಳಗಿನ ಮನುಷ್ಯ. ದೊಡ್ಡ ನದಿಯ ನಡುಗಡ್ಡೆಯೊಂದರಲ್ಲಿ ಅವನ ಮನೆ. ದೋಣಿ ನಡೆಸುತ್ತಿದ್ದ. ಒಂದು ಮಳೆಗಾಲ ನದಿ ನಡುಗಡ್ಡೆಯನ್ನು ನುಂಗಿತು. ಇದನ್ನು ಅವನು ಕೈಸನ್ನೆಯಲ್ಲಿ ತೋರಿಸಿದ. ಒಂದು ಅಂಗೈ ನೆಲ, ಇನ್ನೊಂದು ಅಂಗೈ ನೀರು. ನೀರು ನೆಲದ ಮೇಲೆ ಮುಚ್ಚಿಕೊಂಡಿತು. ಗುಂಟೂರವ್ವ ನೋಡಿ, "ಅಂಬಿಗ ಅನ್ನು" ಎಂದಳು. ಅಂದಿನಿಂದ ಅವನು ಅಂಬಿಗ.

ಆಕೆಗೆ ಹಿಂದಿ ಬಾರದು, ಅವರಿಗೆ ಕನ್ನಡ ಬಾರದು. ಆಕೆ ಕನ್ನಡವನ್ನೇ ನಿಧಾನವಾಗಿ, ಜೋರಾಗಿ, ಕಿವುಡರಿಗೆ ಹೇಳಿದಂತೆ ಹೇಳುತ್ತಿದ್ದಳು. ಆರೂ ಜನ ಕನ್ನಡ ಕಲಿತದ್ದು ಅವಳ ಬಾಯಿಂದ. ಪರಿಣಾಮವಾಗಿ ಅವರ ಕನ್ನಡದಲ್ಲಿ ಬೈಗುಳ ಯಾವುದು, ಉಪಚಾರ ಯಾವುದು ಎಂಬ ಭೇದವೇ ಇರಲಿಲ್ಲ. ಮಾಲೀಕರು ಮೊದಲ ಸಲ ಅವರ ಶೆಡ್ಡಿಗೆ ಹೋದಾಗ ಅಂಬಿಗ ಎದ್ದು ನಿಂತು, ಎದೆಗೆ ಕೈ ಇಟ್ಟು, ತಲೆಬಾಗಿ, "ಬಾರಲೇ ಭಾಡ್ಯಾ, ಕುಂದ್ರು" ಎಂದ. ಮಾಲೀಕರು ಕುಳಿತರು. ಬೇರೆ ಏನು ಮಾಡುವುದು?

ಐವರಿಗೆ ತಿಂಗಳೊಳಗೆ ಬೆಲ್ಲ ಸಿಕ್ಕಿತು. ಅಂಬಿಗ ಮಾತ್ರ ನನ್ನ ಹಾಗೆ. ಒಂದಾದ ಮೇಲೊಂದು ಒಂಬತ್ತು. ನದಿಯ ಮೇಲೆ ಬಾಳಿದ ಮೂಗು ಈ ಧೂಳಿಗೆ ಒಗ್ಗುತ್ತಿರಲಿಲ್ಲ.

ಈಗ ಆ ದಿನ.

ಬೆಳಗಿನಿಂದ ಫೋನುಗಳಲ್ಲಿ ಒಂದು ವಿಡಿಯೊ ಓಡಾಡುತ್ತಿತ್ತು. ಯಾವುದೋ ಊರಿನ ಯಾವುದೋ ಗೋದಾಮು. ಪರದೇಶದಿಂದ ನುಸುಳಿ ಬಂದವರು ನಮ್ಮ ಕೋಲ್ಡ್ ಸ್ಟೋರೇಜುಗಳಲ್ಲಿ ಅಡಗಿದ್ದಾರೆ ಎಂದು ಒಂದು ದನಿ ಹೇಳುತ್ತಿತ್ತು. ಹನ್ನೊಂದರ ಹೊತ್ತಿಗೆ ಹದಿನೈದು ಬೈಕು ಗೇಟಿನ ಮುಂದೆ ನಿಂತವು. ಮೂವತ್ತು ಜನ, ಕೈಯಲ್ಲಿ ಬಡಿಗೆ. ಮಾಲೀಕರು ಹುಬ್ಬಳ್ಳಿಗೆ ಹೋಗಿದ್ದರು. ನಾನು ಪೊಲೀಸರಿಗೆ ಫೋನು ಮಾಡಿದೆ, ಬರುತ್ತೇವೆ ಎಂದರು. ಅಷ್ಟರಲ್ಲಿ ಗುಂಟೂರವ್ವ ಆರೂ ಜನರನ್ನು ತಣ್ಣನೆಯ ಕೋಣೆಯ ಮುಂದಿನ ಮೊಗಸಾಲೆಗೆ ದೂಡಿ ಬಾಗಿಲು ಎಳೆದು ಬಂದು, ಏನೂ ಆಗದವಳಂತೆ ತನ್ನ ಚೀಲದ ಮೇಲೆ ಕುಳಿತಿದ್ದಳು.

ಆಗ ನಾನು, ಓದಿದವನು, ಒಂದು ಕೆಲಸ ಮಾಡಿದೆ. ಕಪಾಟಿನಿಂದ ಫೈಲು ತೆಗೆದುಕೊಂಡು ಗೇಟಿಗೆ ಹೋದೆ. ಅದರಲ್ಲಿ ಆರೂ ಜನರ ಗುರುತಿನ ಚೀಟಿಯ ನಕಲುಗಳಿದ್ದವು. ಕಾಗದ ತೋರಿಸಿದರೆ ಮುಗಿಯುತ್ತದೆ ಎಂದು ನಂಬಿದ್ದೆ. ಅವರ ಮುಂದಾಳು, ನನ್ನದೇ ವಯಸ್ಸಿನವನು, ಫೈಲು ಕಸಿದು ಮೊದಲ ಹೆಸರನ್ನು ಜೋರಾಗಿ ಓದಿದ. ಆ ಹೆಸರಿಗೇ ಗದ್ದಲ ಎದ್ದಿತು. "ಡುಪ್ಲಿಕೇಟ್ ಅದಾವ ಎಲ್ಲಾ! ಒಳಗ ಅದಾರ, ಖರೇ ಅದಾರ!" ಇಲ್ಲಿ ಅಂಥವರಿದ್ದಾರೋ ಇಲ್ಲವೋ ಎಂಬ ಸಂಶಯ ಅಲ್ಲಿಯವರೆಗೆ ಅವರಿಗೇ ಇತ್ತು. ಅದನ್ನು ನಾನು ಪರಿಹರಿಸಿಬಿಟ್ಟಿದ್ದೆ. ಒಂದು ಕಲ್ಲು ಗೇಟಿನ ಪಕ್ಕದ ಆಫೀಸಿನ ಕಿಟಕಿಗೆ ಬಿತ್ತು. ಗಾಜಿನ ಚೂರು ನನ್ನ ಕಿವಿ ಸೀಳಿತು. ಗೇಟಿನ ಚಿಕ್ಕ ಬಾಗಿಲನ್ನು ಒದ್ದು ತೆಗೆದು ಮೂವತ್ತೂ ಜನ ಅಂಗಳಕ್ಕೆ ನುಗ್ಗಿದರು. ನಡುವೆ ಬಂದ ಕಾವಲುಗಾರನ ಮೊಣಕೈಗೆ ಒಂದು ಏಟು ಬಿತ್ತು. ಆ ಸದ್ದು, ಕಟ್ಟಿಗೆ ಮೂಳೆಗೆ ತಾಗಿದ ಸದ್ದು, ನನಗೆ ಈಗಲೂ ರೈಲಿನಲ್ಲಿ ಕುಳಿತಾಗ ಕೇಳಿಸುತ್ತದೆ.

"ಹೊರಗಿನವ್ರು ಎಲ್ಲಿ ಅದಾರ?" ಮುಂದಾಳು ಕೇಳಿದ.

ಗುಂಟೂರವ್ವ ಎರಡೂ ಮೊಣಕಾಲಿನ ಮೇಲೆ ಕೈಯೂರಿ ನಿಧಾನವಾಗಿ ಎದ್ದಳು. "ಯಾರಪಾ ನೀ? ಯಾವೂರು?"

"ಅದನ್ನ ಕಟ್ಟಕೊಂಡು ನಿನಗೇನು ಮಾಡೂದೈತಿ, ಮುದುಕಿ? ಹೊರಗಿನವ್ರನ್ನ ತೋರ್ಸು."

"ತೋರಸ್ತೀನಿ, ತಡಿ. ನಮ್ಮ ಅಂಗಳದಾಗ ಹೊರಗಿನವ್ರನ್ನ ಗುರುತು ಹಿಡಿಯೂದಕ್ಕ ಒಂದ ದಾರಿ ಐತಿ. ಇಲ್ಲಿ ಯಾರು ಶೀನತಾರ, ಅವ್ರ ಹೊರಗಿನವ್ರು. ಎಣಸ್ಕೋ."

ಎಂದವಳೇ ಕೋಲು ತೆಗೆದುಕೊಂಡು ತಟ್ಟೆ ಬಾರಿಸಿದಳು.

ನಾಲ್ಕಕ್ಕೆ ಬಾರಿಸಬೇಕಾದ ತಟ್ಟೆ ಹನ್ನೊಂದಕ್ಕೆ ಸದ್ದಾಯಿತು. ನಲವತ್ತು ಹೆಂಗಸರು ಒಂದು ಗಳಿಗೆ ಆಕೆಯ ಮುಖ ನೋಡಿದರು. ಆಮೇಲೆ ಎದ್ದರು, ಬಟ್ಟೆ ಕಟ್ಟಿದರು, ಗಾಳಿಗೆ ಬೆನ್ನು ಕೊಟ್ಟರು. ಅಂದರೆ ಮೂವತ್ತು ಜನರ ಕಡೆಗೆ ಮುಖ. ಝಾಡಿಸಿದರು. ಅಯ್ಯೋ, ಆ ಕೆಂಪು ಮೋಡ! ಏರುಬಿಸಿಲು ಅದರೊಳಗೆ ಹೊಕ್ಕು ಇಡೀ ಅಂಗಳ ಓಕುಳಿಯಾಯಿತು. ಮೊದಲ ಸೀನು ಮುಂದಾಳಿನದೇ. "ಒಂದಾತು" ಎಂದಳು ಗುಂಟೂರವ್ವ. ಆಮೇಲೆ ಎಣಿಸಲಾಗದಷ್ಟು. ಬಡಿಗೆ ಕೆಳಗಿಟ್ಟು ಕಣ್ಣುಜ್ಜಿಕೊಳ್ಳುವವರು, ಮೆಣಸಿನ ಧೂಳಿನ ಕೈಯಿಂದಲೇ ಉಜ್ಜಿಕೊಂಡು ಕುಣಿಯುವವರು, ಗೇಟಿನಾಚೆ ಓಡಿ ಬೈಕಿನ ಹಿಂದೆ ಕುಕ್ಕರಿಸಿದವರು. "ಏ ಬಂದ್ ಮಾಡ್ರೇ!" ಎಂದು ಒಬ್ಬ ಕೂಗಿದ. "ಯಾಕಪಾ, ನಾವು ನಮ್ ಕೆಲಸ ಮಾಡಾಕತ್ತೇವಿ. ನೀವೂ ನಿಮ್ ಕೆಲಸ ಮಾಡ್ರಿ" ಎಂದಳು ಒಬ್ಬ ಹೆಂಗಸು, ಇನ್ನಷ್ಟು ಜೋರಾಗಿ ಝಾಡಿಸುತ್ತ.

ಇದು ಇಲ್ಲಿಗೇ ಮುಗಿದಿದ್ದರೆ ಬರೀ ನಗೆಯ ಕತೆಯಾಗುತ್ತಿತ್ತು. ಆದರೆ ತಟ್ಟೆ ಬಾರಿಸಿದಾಗ ಗುಂಟೂರವ್ವ ಒಂದನ್ನು ಮರೆತಿದ್ದಳು. ತಟ್ಟೆಯ ಸದ್ದಾದರೆ ಯಾರು ಎಲ್ಲಿದ್ದರೂ ಬರಬೇಕೆಂದು ಆಕೆ ಕಲಿಸಿದ್ದು ಹೆಂಗಸರಿಗೆ ಮಾತ್ರವಲ್ಲ.

ಮೊಗಸಾಲೆಯ ಬಾಗಿಲು ತೆರೆಯಿತು. ಆರೂ ಜನ ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು, ಕೈಯಲ್ಲಿ ಚೀಲ ಹಿಡಿದು, ತಡವಾಯಿತೆಂಬ ಗಾಬರಿಯಲ್ಲಿ ಓಡಿ ಬಂದು ಸಾಲಿನಲ್ಲಿ ನಿಂತರು. ಝಾಡಿಸತೊಡಗಿದರು.

ಆಕೆಯ ಮುಖದಲ್ಲಿ ನಾನು ಭಯ ಕಂಡದ್ದು ಆಗೊಮ್ಮೆ ಮಾತ್ರ. ಆದರೆ ಆ ಆರು ಜನರನ್ನು ಯಾರೂ ಗುರುತಿಸಲಿಲ್ಲ. ಅಂಗಳದ ಹಮಾಲರೂ ಬಂದು ಸೇರಿದ್ದರು. ಎಲ್ಲರ ಮುಖಕ್ಕೂ ಬಟ್ಟೆ, ಎಲ್ಲರ ತಲೆಯ ಮೇಲೂ ಕೆಂಪು. ಯಾರು ಯಾವ ರಾಜ್ಯ, ಯಾವ ದೇವರು, ಒಂದೂ ಕಾಣದು. ನಾನು ಬೇವಿನ ಮರಕ್ಕೆ ಬೆನ್ನು ಹಚ್ಚಿ, ದೇವರಗುಡ್ಡದ ದೇವರನ್ನು ನೆನೆಯುತ್ತ, ಇನ್ನೈದು ನಿಮಿಷ, ಇನ್ನೈದೇ ನಿಮಿಷ ಎಂದುಕೊಳ್ಳುತ್ತಿದ್ದೆ.

ಆಗ ಅಂಬಿಗ ಸೀನಿದ.

ಬಟ್ಟೆಯೊಳಗಿಂದ, ದೋಣಿ ದಡಕ್ಕೆ ಅಪ್ಪಳಿಸಿದಂತೆ, ದೊಡ್ಡ ಸೀನು. ಚೀಲಗಳೆಲ್ಲ ಗಾಳಿಯಲ್ಲಿ ನಿಂತವು. ಮುಂದಾಳು ಕೆಂಪಾದ ಕಣ್ಣು ತೆರೆದು ಬಡಿಗೆ ಚಾಚಿದ.

"ಅಂವ! ಅಂವ ಶೀನಿದ! ನಿನ್ನ ಬಾಯಿಲೇ ಹೇಳೀದಿ, ಶೀನಿದವ ಹೊರಗಿನವ. ಮಾರಿ ಮ್ಯಾಲಿನ ಅರಬಿ ತಗಿಸ್ರಿ ಅವಂದು!"

ಇಬ್ಬರು ಅಂಬಿಗನ ಕಡೆ ನಡೆದರು. ಮೂರು ಹೆಜ್ಜೆ ಇತ್ತು. ನಾನು ಇಂದಿಗೂ ದಿನಕ್ಕೊಮ್ಮೆಯಾದರೂ ಆ ಮೂರು ಹೆಜ್ಜೆ ಎಣಿಸುತ್ತೇನೆ. ಎರಡನೆಯ ಹೆಜ್ಜೆಗೆ ಗುಂಟೂರವ್ವ ಮುಖದ ಬಟ್ಟೆ ಕಿತ್ತು ಒಗೆದು, ತಲೆ ಹಿಂದಕ್ಕೆ ಎಸೆದು, ಸೀನಿದಳು.

ಐವತ್ತು ವರ್ಷ ಸೀನದವಳು. ಅದು ನಿಜವಾದ ಸೀನಲ್ಲ ಎಂದು ಎಮ್ಮೆಗೂ ಗೊತ್ತಾಗುತ್ತಿತ್ತು. "ಆಕ್ಷೀ ಅಂದ್ನೆಪಾ!" ಎಂದಳು. "ನಾನೂ ಹೊರಗಿನಾಕೀನ. ಗುಂಟೂರಾಕಿ ನಾ. ಮದಲ ನನ್ನ ಒಯ್ಯಿ." ಪಕ್ಕದವಳು ಬಟ್ಟೆ ತೆಗೆದು, "ಆಕ್ಷೀ! ನಂದು ಹಡಗಲಿ ಕಡೆ" ಎಂದಳು. ಮತ್ತೊಬ್ಬಳು, "ಆಕ್ಷೀ! ನಾ ಗುತ್ತಲದಾಕಿ. ಅದೂ ಹೊರಗ ಐತಿ ನೋಡಪಾ, ಎರಡು ಬಸ್ಸು ಬದಲಿ ಮಾಡಬೇಕು!" ಹಮಾಲರು ಸೀನಿದರು. ಪೆಟ್ಟು ತಿಂದ ಕಾವಲುಗಾರ ಮೊಣಕೈ ಹಿಡಿದುಕೊಂಡೇ ಸೀನಿದ. ಸಾಲಿನ ಈ ತುದಿಯಿಂದ ಆ ತುದಿಗೆ ಸುಳ್ಳು ಸೀನುಗಳು ಓಡಿದವು. ನಡುನಡುವೆ ಅಂಬಿಗನ ನಿಜವಾದ ಎಂಟು ಸೀನುಗಳು, ಯಾರಿಗೂ ಬೇರ್ಪಡಿಸಲಾಗದ ಹಾಗೆ, ಬೆರಕಿಯಾಗಿ ಹೋದವು.

ಕೊನೆಗೆ ನನ್ನ ಸರದಿ ಬಂತು. ಸಾಲು ಮುಗಿಯುವುದು ಬೇವಿನ ಮರದ ಹತ್ತಿರ, ಅಲ್ಲಿ ನಾನು. ಎಲ್ಲರೂ ನನ್ನ ಕಡೆ ನೋಡಿದರು. ನಾಲ್ಕು ವರ್ಷ ಒಂದು ದಿನವೂ ತಪ್ಪದೆ ಸೀನಿದವನು ನಾನು. ಬರಲಿಲ್ಲ. ಬಾಯಿ ತೆರೆದೆ, ಸುಳ್ಳು ಸೀನೂ ಬರಲಿಲ್ಲ. ಹೆದರಿಕೆ ನನ್ನ ಮೂಗಿನವರೆಗೆ ತುಂಬಿತ್ತು. ಆ ಅಂಗಳದಲ್ಲಿ ಅಂದು ಸೀನದೆ ನಿಂತವನು ನಾನೊಬ್ಬನೇ.

ನಗು ಮೊದಲು ಅವರ ಕಡೆಯಿಂದಲೇ ಬಂತು. ಬೈಕಿನ ಹಿಂದೆ ಕುಕ್ಕರಿಸಿದ್ದ ಒಬ್ಬನಿಗೆ ಗುತ್ತಲದ ಬಸ್ಸಿನ ಮಾತು ತಡವಾಗಿ ತಲೆಗೆ ಹೋಯಿತೆಂದು ಕಾಣುತ್ತದೆ. ಸೀನುತ್ತ, ಕೆಮ್ಮುತ್ತ, ನಗಲಾರಂಭಿಸಿದ. ಇನ್ನೊಬ್ಬನಿಗೆ ಹತ್ತಿತು. ಬಡಿಗೆ ಹಿಡಿದು ನಗುವುದು ಕಷ್ಟ. ಮುಂದಾಳು ನಗಲಿಲ್ಲ, ಆದರೆ ಅವನಿಗೆ ಕಣ್ಣೂ ಕಾಣುತ್ತಿರಲಿಲ್ಲ. ಗುಂಟೂರವ್ವ ಅವನ ಹತ್ತಿರ ಹೋಗಿ ತನ್ನ ತತ್ರಾಣಿಯ ನೀರನ್ನು ಅವನ ಬೊಗಸೆಗೆ ಸುರಿದು, "ಉಜ್ಜಬ್ಯಾಡಲೇ, ತೊಳಕೋ. ನಿಮ್ಮವ್ವ ನೋಡಿದ್ರ ಏನಂದಾಳು" ಎಂದಳು. ಅವನು ತೊಳೆದುಕೊಳ್ಳುತ್ತಿದ್ದಾಗ ಪೊಲೀಸರ ಜೀಪು ಬಂತು. ಇಳಿದ ಇನ್ಸ್‌ಪೆಕ್ಟರು ಬಾಯಿ ತೆರೆಯುವ ಮೊದಲು ಸೀನಿದರು. "ಮತ್ತೊಬ್ರು ಬಂದ್ರು" ಎಂದಳು ಆಕೆ.

ಮರುದಿನ ಆರರಲ್ಲಿ ಮೂವರು ಊರಿಗೆ ಹೊರಟುಹೋದರು. ಸೀನಿನಿಂದ ಎಲ್ಲರೂ ಉಳಿಯಲಿಲ್ಲ, ಅದನ್ನೂ ಬರೆಯಬೇಕು. ಅವರು ಹೋಗುವಾಗ ಗುಂಟೂರವ್ವ ಒಬ್ಬೊಬ್ಬರ ಕೈಗೂ ಎರಡನೆಯ ಸಲ ಬೆಲ್ಲ ಕೊಟ್ಟಳು. ಯಾರೂ ಚೀಲ ಬಡಿಯಲಿಲ್ಲ. ಅಂಬಿಗ ಉಳಿದ. ಯಾಕೆ ಎಂದು ಕೇಳಿದ್ದಕ್ಕೆ ಅಂಗೈಗಳನ್ನು ತೋರಿಸಿದ, ನೀರು ನೆಲವನ್ನು ಮುಚ್ಚಿದ್ದನ್ನು. ಹೋಗಲು ಅವನಿಗೆ ಊರೇ ಇರಲಿಲ್ಲ. ಎರಡು ತಿಂಗಳ ಮೇಲೆ ಒಂದು ದಿನ ಅವನಿಗೂ ಬೆಲ್ಲ ಸಿಕ್ಕಿತು. ಅಂದು ಅವನು ಅತ್ತ.

ನಾನು ಒಮ್ಮೆ ಆಕೆಯ ಹತ್ತಿರ ಕುಳಿತು ಹೇಳಿದೆ, "ಅವ್ವಾ, ಅವತ್ತ ನಾ ಶೀನಲಿಲ್ಲ."

"ಕಂಡೇನಿ."

"ಫೈಲೂ ನಾನ ಒಯ್ದು ಕೊಟ್ಟೆ."

"ಅದನ್ನೂ ಕಂಡೇನಿ." ನಾಲ್ಕು ಕಾಯಿಯ ತೊಟ್ಟು ಮುರಿದಳು. "ಅಂಜಿಕಿ ಬಂದ್ರ ಮೂಗು ಮುಚ್ಚತೈತಿ. ಬರೂ ಹೊತ್ತಿಗೆ ಬರತೈತಿ ಬಿಡು. ಎಣಸಾಕ ನಾ ಇರ್ತೀನಿ."

ಇರಲಿಲ್ಲ. ಎರಡು ದಿನದ ಜ್ವರ, ಅಷ್ಟೇ. ಆಕೆ ಹೋದ ಐದನೆಯ ದಿನ ಹೆಂಗಸರು ಕೆಲಸಕ್ಕೆ ಬಂದರು. ಆಕೆ ಕೂರುತ್ತಿದ್ದ ಗೋಣಿಚೀಲ ಹಾಸಿದಲ್ಲೇ ಇತ್ತು, ನಡುವೆ ಕುಳಿತ ಗುಳಿಯ ಸಮೇತ. ಅದನ್ನು ಏನು ಮಾಡುವುದೆಂದು ಯಾರಿಗೂ ತಿಳಿಯಲಿಲ್ಲ. ನಾಲ್ಕು ಗಂಟೆಗೆ ತಟ್ಟೆ ಸದ್ದಾಯಿತು. ಬಾರಿಸಿದವನು ಅಂಬಿಗ. ಆಮೇಲೆ ಬಂದು ಆ ಚೀಲದ ಎರಡು ತುದಿ ಹಿಡಿದ, ನನ್ನ ಕಡೆ ನೋಡಿದ. ನಾನು ಇನ್ನೆರಡು ತುದಿ ಹಿಡಿದೆ. ಇಬ್ಬರೂ ಎತ್ತಿ ಝಾಡಿಸಿದೆವು.

ಎಷ್ಟು ವರ್ಷದ ಧೂಳೋ. ನಲವತ್ತು ಹೆಂಗಸರು, ವರ್ಷಗಟ್ಟಲೆ ಈ ಘಾಟು ಕುಡಿದವರು, ಒಬ್ಬೊಬ್ಬರಾಗಿ ಸೀನಿದರು. ಈ ಸಲ ನಿಜವಾದದ್ದು. ಸೀನಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಒಬ್ಬರನ್ನೊಬ್ಬರು ನೋಡಿ ನಕ್ಕರು. ನನ್ನೊಳಗೆ ಎರಡು ವರ್ಷದಿಂದ ಕುಳಿತಿದ್ದೊಂದು ಎದ್ದು ಬಂತು. ಮರ ಹಿಡಿದುಕೊಂಡು ಸೀನಿದೆ. ಹತ್ತಿರದಲ್ಲೇ, ಕಣ್ಣೆತ್ತದೆ, ಚೀಲವನ್ನು ನಾಲ್ಕು ಮಡಿಕೆ ಮಡಚುತ್ತ, ಅಂಬಿಗ ಎಣಿಸುತ್ತಿದ್ದ. ಆಕೆಯದೇ ಧಾಟಿ, ಆಕೆಯದೇ ಎಳೆತ.

"ಒಂದಾತು... ಎರಡಾತು..."

ನನ್ನ ಸೀನು ಹನ್ನೊಂದಕ್ಕೆ ನಿಂತಿತು. ಅವನು ಸೊಂಟದ ಗಂಟು ಮುಟ್ಟಿ ನೋಡಿಕೊಂಡ. ಅಲ್ಲಿ ಬೆಲ್ಲವಿತ್ತು. ತೆಗೆಯಲಿಲ್ಲ. ನ್ಯಾಯ ನ್ಯಾಯವೇ. ಎದೆಗೆ ಕೈ ಇಟ್ಟು, ಬಹಳ ಗೌರವದಿಂದ ತಲೆಬಾಗಿ ಹೇಳಿದ:

"ಕಾರಕೂನ್ರ, ನೀವು ಇನ್ನೂ ಹೊರಗಿನವ್ರ ಅದೀರಿ. ನಾಳೆ ಮತ್ತ ಬಾರಲೇ ಭಾಡ್ಯಾ."